ಒಂದು ಹೆಬ್ಬೆಟ್ಟು, ಹದಿನೆಂಟು ಮನೆ

ತಕ್ಕಡಿಯ ಮೇಲೆ ಕೂತ ಮಗು ಕಿರುಚುತ್ತಿತ್ತು. ತೂಕದಕ್ಕ ಅದರ ಚಪ್ಪಲಿ ಬಿಚ್ಚಿ, ಮುಳ್ಳು ನಿಲ್ಲುವವರೆಗೆ ಕಾದು ಅಂಕಿ ಬರೆದುಕೊಂಡರು. ಪೌಷ್ಟಿಕ ಆಹಾರ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳನ್ನು ತೂಗಿದ ಅವರನ್ನು ಈಗ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ.

ಅಂದು ಮುಖ್ಯ ಕಚೇರಿಯ ವಿಶ್ಲೇಷಕಿ ಲ್ಯಾಪ್‌ಟಾಪ್ ಹಿಡಿದು ಬಂದರು. ಹಳೆಯ ದಾಖಲೆಗಳಿಂದ ಕಲಿತು, ಯಾವ ತಾಯಂದಿರು ಆಹಾರ ಪಡೆಯುವುದನ್ನು ನಿಲ್ಲಿಸಿದ್ದಾರೆಂದು ಹೇಳುವ ಪ್ರೋಗ್ರಾಂ ಅವರದು. ಬಟ್ಟೆ ಕಾರ್ಖಾನೆಯ ಹಿಂದಿನ ಕಟ್ಟಡದ ಹದಿನೇಳು ಮನೆಗಳು ಆಹಾರ ಒಯ್ಯುವುದನ್ನು ಬಿಟ್ಟಿವೆ ಎಂದಿತ್ತು ಅದು. ಅದರ ಆಧಾರದ ಮೇಲೆ ಶುಕ್ರವಾರ ಕೇಂದ್ರವನ್ನು ಮುಚ್ಚುವ ಆದೇಶಕ್ಕೆ ಸಹಿ ಬೀಳಲಿತ್ತು.

"ಮೂರು ತಿಂಗಳಿಂದ ಆ ಕಟ್ಟಡದಿಂದ ಒಬ್ಬರದೇ ಹೆಬ್ಬೆಟ್ಟು ಅಕ್ಕಾ."

"ಬರೋದು ಒಬ್ಬರೇ. ಹೋಗೋದು ಹದಿನೆಂಟು ಪೊಟ್ಟಣ."

ಸಂಗತಿ ಇಷ್ಟೆ. ಕೇಂದ್ರ ಹತ್ತಕ್ಕೆ ತೆರೆಯುವಷ್ಟರಲ್ಲಿ ತಾಯಂದಿರು ಕಾರ್ಖಾನೆಯಲ್ಲಿರುತ್ತಾರೆ. ನೆಲಮಹಡಿಯ ಅಜ್ಜಿ ಎಲ್ಲರ ಕಾರ್ಡು ಸೇರಿಸಿಕೊಂಡು ಕೈಗಾಡಿ ತಳ್ಳುತ್ತಾ ಬರುತ್ತಾರೆ. ಹೆಬ್ಬೆಟ್ಟಿನ ಯಂತ್ರ ನಿಧಾನ. ಹಿಂದೆ ಸಾಲು ಗೊಣಗುತ್ತದೆ. ತೂಕದಕ್ಕ ಅಜ್ಜಿಯ ಮನೆಯ ಹೆಸರಿನಲ್ಲಿ ಒಂದೇ ಸಲ ಒತ್ತಿಸಿಕೊಂಡು, ಉಳಿದದ್ದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

"ಪ್ರೋಗ್ರಾಂ ನಿಮ್ಮ ಪುಸ್ತಕ ಓದಲ್ಲವಲ್ಲ."

"ನೀವೇ ಓದಿ ಮೇಡಂ. ಓದಿದೋರು ತಾನೇ?"

ವಿಶ್ಲೇಷಕಿ ಓದಿದರು. ಬರೀ ಪುಸ್ತಕ ತೋರಿಸಿದರೆ ಕಚೇರಿಯಲ್ಲಿ ಒಪ್ಪುವುದಿಲ್ಲ ಎಂದರು.

"ಹಾಗಾದ್ರೆ ಸಂಜೆ ಬನ್ನಿ. ಮಕ್ಕಳನ್ನೇ ತೋರಿಸ್ತೀನಿ."

ಆರು ಗಂಟೆಗೆ, ಪಾಳಿ ಮುಗಿಯುವ ಹೊತ್ತಿಗೆ, ತೂಕದಕ್ಕ ತಕ್ಕಡಿಯನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿದರು. ಮೊಣಕಾಲು ನೋವಿತ್ತು, ನಿಲ್ಲಲಿಲ್ಲ. ಮೂರನೇ ಮಹಡಿಗೆ ವಿಶ್ಲೇಷಕಿಗೇ ಏದುಸಿರು ಬಂತು.

"ನಿನ್ನ ಪ್ರೋಗ್ರಾಂಗೆ ಮೆಟ್ಟಿಲು ಹತ್ತೋದನ್ನೂ ಕಲಿಸು ಮಗಳೇ," ಎಂದರು ತೂಕದಕ್ಕ.

ಹದಿನಾರು ಮನೆಗಳಲ್ಲಿ ಮಕ್ಕಳು ತಕ್ಕಡಿ ಹತ್ತಿ ಇಳಿದರು. ಪ್ರತಿ ಮನೆಯ ಅಡುಗೆಕಟ್ಟೆಯ ಮೇಲೂ ಅದೇ ಪೊಟ್ಟಣ. ವಿಶ್ಲೇಷಕಿ ಒಂದೊಂದನ್ನೂ ಫೋಟೊ ತೆಗೆದುಕೊಂಡರು. ಹದಿನೇಳನೆಯದಕ್ಕೆ ಬೀಗ. ಹೋದ ವಾರ ಮನೆ ಖಾಲಿ ಮಾಡಿದ್ದರು.

"ನಿನ್ನ ಪ್ರೋಗ್ರಾಂ ಒಂದಾದ್ರೂ ಸರಿ ಹೇಳಿದೆ ಬಿಡು," ಎಂದರು ತೂಕದಕ್ಕ. ವಿಶ್ಲೇಷಕಿ ನಕ್ಕುಬಿಟ್ಟರು.

"ಆದ್ರೆ ಹೀಗೆ ಒಂದೇ ಹೆಬ್ಬೆಟ್ಟು ಇನ್ನು ನಡೆಯಲ್ಲ ಅಕ್ಕಾ. ತಪ್ಪು ನಿಮ್ಮದೂ ಇದೆ."

"ಇದೆ. ಅದಕ್ಕೆ ಬಾಗಿಲು ಮುಚ್ಚಬೇಡಿ, ನನ್ನನ್ನ ಬೈಯಿರಿ."

ಶುಕ್ರವಾರ ಸಹಿ ಬೀಳಲಿಲ್ಲ. ತೀರ್ಮಾನ ಮೂರು ತಿಂಗಳು ಮುಂದೆ ಹೋಗಿದೆ. ನಮೂನೆಯಲ್ಲಿ 'ಯಾರ ಪರವಾಗಿ' ಎಂಬ ಹೊಸ ಅಂಕಣ ಬಂದಿದೆ. ಸೋಮವಾರದಿಂದ ಅಜ್ಜಿ ಮನೆಗೊಂದರಂತೆ ಹೆಬ್ಬೆಟ್ಟನ್ನು ಹದಿನೇಳು ಸಲ ಒತ್ತಬೇಕು.