ಎ ಮೈನರ್ ಸೊನಾಟಾ ಮತ್ತು ಅವ್ವ ಮಲಗಿದ್ದ ಮಧ್ಯಾಹ್ನ

ಕೊಟ್ಟೂರಿನ ನಮ್ಮ ಮನೆಯಲ್ಲಿ ಮಗಳು ಬಿಟ್ಟುಹೋದ ಕೀಬೋರ್ಡ್ ಮುಂದೆ ನಾನು ಪಿಯಾನೋ ಕಲಿಯಲು ಕೂತದ್ದು ನಲವತ್ತು ದಾಟಿದ ಮೇಲೆ. ಮೈಸೂರಿನ ಮೇಷ್ಟ್ರೊಬ್ಬರು ಮೊಬೈಲಿನಲ್ಲೇ ಪಾಠ ಹೇಳುತ್ತಿದ್ದರು. ಕೆಲವು ವರ್ಷಗಳ ನಂತರ ಅವರು ಎ ಮೈನರ್ ಶ್ರುತಿಯ ಒಂದು ಹಳೆಯ ಸೊನಾಟಾ ಕೊಟ್ಟರು. ಮೂರು ಭಾಗಗಳ ದೊಡ್ಡ ರಚನೆ ಅದು. ಮೊದಲ ಭಾಗದಲ್ಲಿ ಎಡಗೈ ಒಂದೇ ಸಮನೆ ಬಡಿಯುತ್ತಿರಬೇಕು.

ಅದರ ಹಿನ್ನೆಲೆಯನ್ನೂ ಅವರೇ ಹೇಳಿದರು. ಬರೆದವನಿಗೆ ಆಗ ಇಪ್ಪತ್ತೆರಡು. ಕೆಲಸ ಹುಡುಕಿಕೊಂಡು ತಾಯಿಯ ಜೊತೆ ಪ್ಯಾರಿಸ್ಸಿಗೆ ಹೋಗಿದ್ದ. ಬಾಡಿಗೆ ಕೋಣೆಯಲ್ಲಿ ತಾಯಿ ತೀರಿಕೊಂಡಳು. ಅದೇ ರಾತ್ರಿ ಊರಲ್ಲಿದ್ದ ತಂದೆಗೆ ಅವನು ಬರೆದದ್ದು, ತಾಯಿಗೆ ತುಂಬಾ ಹುಷಾರಿಲ್ಲ ಎಂದಷ್ಟೇ.

"ಆ ಸಾವಿಗೂ ಈ ಸೊನಾಟಾಕ್ಕೂ ಸಂಬಂಧ ಇದೆಯೋ ಇಲ್ಲವೋ ಯಾರಿಗೂ ಖಚಿತವಿಲ್ಲಮ್ಮ. ಆ ಬೇಸಿಗೆಯಲ್ಲಿ ಬರೆದದ್ದು, ಅಷ್ಟೇ," ಎಂದರು.

ಅಂದು ನನ್ನ ಕೈ ಮುಂದೆ ಹೋಗಲಿಲ್ಲ.

ನನ್ನ ಮದುವೆಗೆ ಮುಂಚೆ ಕೂಡ್ಲಿಗಿಯ ಮನೆಯಲ್ಲಿ ಅವ್ವ, ಅಣ್ಣ, ನಾನು ಮೂವರೇ ಇದ್ದೆವು. ಅವ್ವನನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದಾಗ ಅಣ್ಣ ಜೊತೆಗಿದ್ದ. ಒಂದು ಮಧ್ಯಾಹ್ನ ಫೋನ್ ಮಾಡಿ, "ಅವ್ವಗ ಭಾಳ ಆರಾಮಿಲ್ಲ," ಎಂದ.

"ಮಾತಾಡ್ತಾಳೇನಣ್ಣ?"

"ಇಲ್ಲ, ಮಲಗ್ಯಾಳ. ಕರ್ಕೊಂಡು ಬರಾಕತ್ತೀನಿ."

ನಾನು ಹಾಸಿಗೆ ಹಾಸಿ ಗಂಜಿ ಕಾಯಿಸಿಟ್ಟೆ. ಆರಿದಾಗ ಮತ್ತೆ ಬಿಸಿ ಮಾಡಿದೆ. ಸಂಜೆ ಆಂಬುಲೆನ್ಸ್ ಬಂತು. ದಾರಿಯಲ್ಲಿ ಹೋದಳು ಎಂದ ಅಣ್ಣ. ಅವ್ವನ ಕೈ ಹಿಡಿದರೆ ಕೊರಡಿನಂತೆ ಸೆಟೆದಿತ್ತು. ಏನೂ ಕೇಳಲಿಲ್ಲ. ಆದರೆ ಅಂದಿನಿಂದ, ಯಾರಾದರೂ ಮಲಗಿದ್ದಾರೆ ಎಂದು ಹೇಳಿದರೆ ಹೋಗಿ ನೋಡದೆ ಇರಲಾಗುವುದಿಲ್ಲ. ಹೊದಿಕೆ ಏರಿ ಇಳಿಯುವುದು ಕಂಡ ಮೇಲೆಯೇ ಹಿಂದಿರುಗುತ್ತೇನೆ.

ಸೊನಾಟಾದ ಆ ಪಾಠದ ಮರುವಾರ ಅಣ್ಣ ನಮ್ಮ ಮನೆಗೆ ಬಂದ. ನಾನು ನುಡಿಸುತ್ತಿದ್ದೆ.

"ಇದೇನ ತಂಗಿ, ಯಾರೋ ಬಾಗಿಲ ಬಡದಂಗ ಐತಿ."

ನಿಲ್ಲಿಸಿ, ಸೊನಾಟಾ ಬರೆದವನ ಕತೆ ಹೇಳಿದೆ. ಅಣ್ಣ ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಾ ಫೋನ್ ಮಾಡೋಕಿಂತ ಮೊದ್ಲ ಅವ್ವ ಹೋಗಿದ್ಳು," ಎಂದ. "ಮನ್ಯಾಗ ನೀ ಒಬ್ಬಾಕಿನ ಇದ್ದಿ. ಹೇಳಾಕ ಬಾಯಿ ಬರಲಿಲ್ಲ."

"ಗೊತ್ತಿತ್ತಣ್ಣ. ಕೈ ಮುಟ್ಟಿದಾಗ ಗೊತ್ತಾತು."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ, "ಆ ಹುಡುಗನ ಅಪ್ಪಗ ಖರೇ ಗೊತ್ತಾದಾಗ ಏನಂದ್ನಂತ?" ಎಂದು ಕೇಳಿದ.

ಮೇಷ್ಟ್ರನ್ನು ಕೇಳಿ ಹೇಳುತ್ತೇನೆ ಎಂದೆ. ಇನ್ನೂ ಕೇಳಿಲ್ಲ. ಸೊನಾಟಾದ ಮೊದಲ ಭಾಗ ಈಗ ಪೂರ್ತಿ ಬರುತ್ತದೆ. ಅಣ್ಣ ಬಂದಾಗ ಮಾತ್ರ ನುಡಿಸುವುದಿಲ್ಲ.