ನೀರಿಗೆ ಜಗ್ಗದ, ಮಣ್ಣಾಗ ಉಳಿಯದ ಚೀಲ

ನಾ ಮೂಡಲಗಿ ಕಾಲೇಜಿನಾಗ ಕೆಮಿಸ್ಟ್ರಿ ಕಲಸಾಕಿ. ಆದ್ರ ನನ್ನ ಖರೇ ಪ್ರಯೋಗಶಾಲಿ ಗೋಕಾಕದಾಗ ನಮ್ಮ ಮನಿ ಮಾಳಗಿ, ಅವ್ವನ ಹಪ್ಪಳ-ಸಂಡಿಗಿ ಬಾಜೂಕ.

ಈ ಹುಚ್ಚು ಹಚ್ಚಿದಾಂವ ನಮ್ಮ ಮಾಮಾ, ಅವ್ವನ ಅಣ್ಣ. ಹುಕ್ಕೇರಿ ತಾಲೂಕಿನ ಘೋಡಗೇರ್ಯಾಗ ಅವನ ಹೊಲ. ಅದರ ಬದುವಿನಾಗ ನಮ್ಮ ಅಜ್ಜನ್ನ ಮಣ್ಣು ಮಾಡ್ಯಾರ. ಸಮಾಧಿ ಸುತ್ತ ಬೇವಿನ ಗಿಡ ಹಚ್ಚೂನು ಅಂತ ಮಾಮಾ ಅಗದಾಗ, ಯಾವ ಕಾಲದಾಗೋ ಸಸಿ ತಂದಿದ್ದ ಕರಿ ಪ್ಲಾಸ್ಟಿಕ್ ಚೀಲ ಹಂಗ ಸಿಕ್ತು. ಅದನ್ನ ನನ್ನ ಮಾರಿ ಮುಂದ ಹಿಡದು ಅಂದ: "ನಮ್ಮಪ್ಪ ಮಣ್ಣಾಗಿ ಹೋದ, ಇದಕ್ಕ ಇನ್ನೂ ಸಾವಿಲ್ಲ ನೋಡು! ಅಪ್ಪನ ಬಾಜೂ ಇಂಥಾದ್ದೊಂದು ಚೂರೂ ಬೀಳಬಾರದು. ನೀ ಪ್ಲಾಸ್ಟಿಕ್ಕಿನ ಪಾಠಾ ಹೇಳಾಕಿ ಅಲ್ಲ? ನೀರಿಗೆ ಒಡೀಬಾರದು, ಮಣ್ಣಾಗ ಉಳೀಬಾರದು, ಅಂಥಾ ಚೀಲ ಮಾಡಿಕೊಡು. ಅಲ್ಲೀತನಾ ಗಿಡಾ ಹಚ್ಚಂಗಿಲ್ಲ."

ಹೂಂ ಅಂದುಬಿಟ್ಟೆ! ಆಡೂದು ಸುಲಭ ಅಲ್ರಿ.

ಗೋವಿನಜೋಳದ ಪಿಷ್ಟ, ನೀರು, ಸ್ವಲ್ಪ ಗ್ಲಿಸರಿನ್ ಕೂಡಿಸಿ ಗಂಜಿ ಕಾಸಿ ತಾಟಿನ್ಯಾಗ ಹರವಿದ್ರ ಒಣಗಿ ಹಾಳಿ ಆಗತೈತಿ. ಪ್ಲಾಸ್ಟಿಕ್ ಅಂದ್ರೂ ಅಣುಗಳ ಉದ್ದನ್ನ ಸರಪಳಿ, ಪಿಷ್ಟ ಅಂದ್ರೂ ಉದ್ದನ್ನ ಸರಪಳಿ. ಪಿಷ್ಟದ ಸರಪಳಿ ಮಣ್ಣಿನ ಜೀವಿಗೋಳಿಗೆ ಊಟ, ಫರಕು ಅಷ್ಟ. ಆದ್ರ ನೀರು ಕಂಡ್ರ ಅದು ಸಡಲ ಬಿಡತೈತಿ. ಸರಪಳಿಗೆ ಸರಪಳಿ ಗಂಟು ಹಾಕಾಕ ಸಿಟ್ರಿಕ್ ಆಸಿಡ್ ಬೇಕು, ಜೋಡಿ ಕಾವು ಬೇಕು. ನಮ್ಮೂರಾಗ ಕಾವಿಗೇನ್ ಬರಾ? ಏಪ್ರಿಲ್ ಬಿಸಲಾಗ ಮಾಳಗಿ ಮ್ಯಾಲೆ ಕಾಲಿಟ್ರ ಚುರ್ ಅಂತೈತಿ! ಅದ ಸಾಕು ಅಂತ ತಿಳಕೊಂಡು, ಗಂಜಿಗೆ ಸಿಟ್ರಿಕ್ ಆಸಿಡ್ ಬೆರಸಿ, ಬಿಸಲಿಗೆ ಒಣಗಿಸಿ ನೀರಾಗ ಇಟ್ಟೆ. ಲೋಳಿ ಆತು. ಮತ್ತ ಮಾಡಿದೆ. ಮತ್ತ ಲೋಳಿ.

ಒಂದಿನ ತಾಟು ಸಾಲದ, ಅವ್ವನ ಹಪ್ಪಳದ ಸಾಲಿನ್ಯಾಗ ನನ್ನ ಹಾಳಿ ಒಣಾ ಹಾಕಿ ಕಾಲೇಜಿಗೆ ಹೋದೆ. ಸಂಜೀಕ ಬಂದು ನೋಡಿದ್ರ ಮಾಯ! ಅವ್ವ ಒಲಿ ಮುಂದ ಸಿಡಿಮಿಡಿ: "ಇದೆಂಥಾ ಹಪ್ಪಳಾನ ಬೇ? ಹಂಚಿನ ಮ್ಯಾಲೆ ಎಷ್ಟು ಸುಟ್ರೂ ಉಬ್ಬವಲ್ದು. ಮಧ್ಯಾಹ್ನನ ಮುಸುರಿ ಬಕೀಟಿನ್ಯಾಗ ಒಗದೇನಿ."

ನನಗ ಪಿತ್ತ ನೆತ್ತಿಗೇರಿತು. ಮಾಡಿದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತಲ್ಲ ಅಂತ ಬೈಕೋತ ಬಕೀಟಿಗೆ ಕೈ ಹಾಕಿದೆ. ಮಧ್ಯಾಹ್ನದಿಂದ ನೀರಾಗ ಬಿದ್ದಿದ್ದ ಹಾಳಿ. ಜಗ್ಗಿದೆ. ಹರೀಲಿಲ್ಲ! ಹಿಂಡಿದೆ. ಹರೀಲಿಲ್ಲ! ಬಿಸಲಿನ ಕಾವು ಸಾಲದ ಬೀಳದಿದ್ದ ಗಂಟು ಹಂಚಿನ ಕಾವಿಗೆ ಬಿದ್ದಿತ್ತು. "ಯವ್ವಾ, ನೀ ಸುಟ್ಟದ್ದ ಛಲೋ ಆತು!" ಅಂತ ಅವ್ವನ್ನ ಅಪ್ಕೊಂಡು ಅಡಗಿಮನ್ಯಾಗ ಕುಣದಾಡಿದೆ.

"ತಲಿಗಿಲಿ ಕೆಟ್ಟೈತೇನ ಇದರದ್ದು" ಅಂತ ಅವ್ವ ದೂರ ದಬ್ಬಿದ್ಲು.

ಅಲ್ಲಿಂದ ಕಾವಿನ ಹದಾ ಹುಡಕೂದ ಕೆಲಸ. ಭಾಳ ಸುಟ್ರ ಮಣ್ಣಾಗ ಲಗೂ ಕೊಳ್ಯಂಗಿಲ್ಲ, ಕಡಿಮಿ ಸುಟ್ರ ನೀರಿಗೆ ಸೋಲತೈತಿ. ಅಂಚಿಗೆ ಅದ ಗಂಜಿ ಸವರಿ ಚೀಲ ಮಾಡಿ, ಹದವಾಗಿ ಸುಟ್ಟು ಮಾಮಾನ ಕೈಗೆ ಕೊಟ್ಟೆ. ಆಂವ ಅವುಗಳಾಗ ಬೇವಿನ ಸಸಿ ಬೆಳಸಿದ. ಸಸಿ ಬೇರು ಹಿಡಿಯೂತನಾ ಚೀಲ ದಿನಾ ನೀರು ತಡಕೊಂತು. ಮಳಿ ಬಿದ್ದಮ್ಯಾಲೆ ಚೀಲದ ಸಮೇತ ಸಮಾಧಿ ಸುತ್ತ ಹಚ್ಚಿದ್ವಿ. ಅರ್ಧಾ ಗೆದ್ದಂಗಾತು, ಇನ್ನರ್ಧ ಮಣ್ಣಿನ ಕೈಯಾಗ.

ಮಳಿಗಾಲ ಮುಗದು ಮಾಮಾನ ಫೋನು ಬಂತು: "ಬರ್ರಿ, ಅಗದು ನೋಡೂನು." ಅವ್ವನ್ನ ಕರಕೊಂಡು ಮೊದಲನೇ ಬಸ್ಸಿಗೆ ಹೋದೆ. ಮಾಮಾ ಒಂದು ಸಸಿ ಬುಡಕ ಕುಂತು ಕೈಲೇ ಮಣ್ಣು ಬಿಡಿಸಿದ. ಬೇರು ಸಿಕ್ತು. ಮತ್ತ ಬೇರು. ಮಣ್ಣು ಬೆರಳಾಗ ತಿಕ್ಕಿ, ಮೂಸಿ, ಮತ್ತ ತಿಕ್ಕಿದ. ಚೀಲದ್ದು ಒಂದು ಚೂರೂ ಇರಲಿಲ್ಲ! ನಾ ಖುಷಿಗೆ ಚೀರೇ ಬಿಟ್ಟೆ.

ಮಾಮಾ ಅಜ್ಜನ ಸಮಾಧಿ ಕಡೆ ನೋಡಕೋತ ಕುಂತ. "ಆತು ಬಿಡು. ಮುಂದ ನನ್ನೂ ಇಲ್ಲೇ ಅಪ್ಪನ ಬಾಜೂಕ ಇಡ್ರಿ. ಇನ್ನ ಚಿಂತಿ ಇಲ್ಲ."

"ಬಿಡ್ತು ಅನ್ನು, ಅಣ್ಣಾ!" ಅಂತ ಅವ್ವ ಒದರಿದ್ಲು.

ಆಂವ ಬಿಡ್ತು ಅನ್ನಲಿಲ್ಲ. ನಕ್ಕೋತ ಬೇರಿಗೆ ಮಣ್ಣು ಮುಚ್ಚಿದ.