ಸೋಮವಾರದ ಸೈಕಲ್ಲು

ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳಲ್ಲಿ ಹತ್ತಿಕುಣಿ ಊರಿಗೆಲ್ಲ ಒಂದೇ ಸೈಕಲ್ಲು, ಅದು ಅಂಬ್ರಪ್ಪನದು. ಯಾದಗಿರಿಯ ಹತ್ತಿ ಗಿರಣಿಗೆ ಅದರ ಮೇಲೆಯೇ ಹೋಗಿಬರುತ್ತಿದ್ದ. ಅದಕ್ಕೆ ಗಂಟೆ ಇರಲಿಲ್ಲ. ಅವನ ಬಾಯಿಯೇ ಸಾಕಾಗಿತ್ತು.

ಆ ಸೋಮವಾರ ಅವನ ಹೆಂಡತಿ ದೇವಕಮ್ಮ ಬಾಣಂತನ ಮುಗಿಸಿ, ಮಗಳನ್ನು ಎತ್ತಿಕೊಂಡು ತವರಿನಿಂದ ರೈಲಿಗೆ ಬರುವವಳಿದ್ದಳು. ಹಿಂದೊಮ್ಮೆ ಅಂಬ್ರಪ್ಪ ಅವಳನ್ನು ಸ್ಟೇಷನ್ನಿನಲ್ಲಿ ಸಂಜೆಯವರೆಗೆ ಕಾಯಿಸಿದ್ದ. "ಇನ್ನೊಮ್ಮಿ ತಡಾ ಮಾಡಿದ್ರ ಮುಂದಿನ ಗಾಡಿಗೇ ಹೊಳ್ಳಿ ಹೋಗ್ತೀನಿ" ಎಂದು ಹೇಳಿ ಕಳಿಸಿದ್ದಳು. ಆಡಿದ ಮಾತು ತಪ್ಪುವ ಹೆಣ್ಣಲ್ಲ ಅವಳು. ಎತ್ತಿನ ಗಾಡಿ ಕೇಳೋಣವೆಂದರೆ ಸೋಮವಾರ ಬಸವಣ್ಣನ ದಿನ, ಊರಲ್ಲಿ ಯಾರೂ ನೊಗ ಹೂಡುವುದಿಲ್ಲ.

ಅವನ ತಾಯಿ ಹಣಮಂತಮ್ಮನಿಗೋ ಸೈಕಲ್ಲೂ ದುಡಿಯುವ ಬಸವಣ್ಣನೇ. ಬೆಳಿಗ್ಗೆಯೇ ಅದರ ಮೈ ತೊಳೆದು, ಕುಂಕುಮ ಹಚ್ಚಿ, ಎತ್ತಿನ ಗೆಜ್ಜೆಸರವನ್ನು ಮುಂದಿನ ಗಾಲಿಯ ಕಡ್ಡಿಗಳಿಗೆ ಕಟ್ಟಿದ್ದಳು. ಆತುರಗಾರನಿಗೆ ಬುದ್ಧಿ ಮಟ್ಟ; ಅಂಬ್ರಪ್ಪ ನೋಡದೆ ಹತ್ತಿಬಿಟ್ಟ. ಓಣಿ ದಾಟುವಷ್ಟರಲ್ಲಿ ಸರ ಗಾಲಿ ಹಿಡಿದ ಕವೆಗೆ ಸಿಕ್ಕಿ ಹರಿಯಿತು, ಟಣ್ಣೆಂದು ಒಂದು ಕಡ್ಡಿ ಮುರಿಯಿತು, ಗಾಲಿ ಕುಡಿದವನಂತೆ ಓಲಾಡಿತು.

"ಏನ್ ಮಾಡಿಟ್ಟೀ ಯವ್ವಾ!" ಎಂದ.

"ಸೋಮವಾರ ದುಡಿಸಬ್ಯಾಡ ಅಂದ್ರ ನೀ ಎಲ್ಲಿ ಕೇಳ್ತಿ?" ಎಂದಳು ತಾಯಿ.

ಗೊಣಗುತ್ತಲೇ ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿದ. ಟಯರು ಕಳಚಿ, ಜಂತಿಯಲ್ಲಿ ಸಿಕ್ಕಿಸಿಟ್ಟಿದ್ದ ಹೊಸ ಕಡ್ಡಿಯನ್ನು ಗಾಲಿಯ ನಡುವಿನ ತೂತಿನಿಂದ ಹಾಯಿಸಿ, ಉಳಿದ ಕಡ್ಡಿಗಳ ಸಂದಿಯಲ್ಲಿ ನುಸುಳಿಸಿ, ತುದಿಗೆ ತಿರುಪು ಹಾಕಿದ. ಸೊಟ್ಟ ಮಾತ್ರ ಹೋಗಲಿಲ್ಲ. ಉಬ್ಬು ಎಲ್ಲಿದೆಯೆಂದು ಅವಸರದ ಕಣ್ಣಿಗೆ ತಿಳಿಯಲೂ ಇಲ್ಲ. ಕೊನೆಗೆ ಹರಿದ ಸರದ ಒಂದು ಗೆಜ್ಜೆಯನ್ನೇ ರಿಮ್ಮಿಗೆ ತಾಗಿಯೂ ತಾಗದಂತೆ ಕವೆಗೆ ಕಟ್ಟಿ ಗಾಲಿ ತಿರುಗಿಸಿದ. ಉಬ್ಬು ಬಂದಾಗಲೆಲ್ಲ ಗೆಜ್ಜೆ ನುಡಿಯಿತು. ಅಲ್ಲಿ ನಿಲ್ಲಿಸಿ, ಉಬ್ಬಿದ ಬದಿಯ ಕಡ್ಡಿಯನ್ನು ತುಸು ಸಡಿಲಿಸಿ, ಎದುರು ಬದಿಯದನ್ನು ಬಿಗಿ ಮಾಡುತ್ತ ಹೋದ.

ಕಣ್ಣು ಮಂಜಾಗಿದ್ದ ಹಣಮಂತಮ್ಮ ಕಟ್ಟೆಯ ಮೇಲೆ ಕೂತು ಕಿವಿಗೊಟ್ಟಳು. "ಇನ್ನಾ ನುಡ್ಯಾಕತ್ತೈತಿ." ಸ್ವಲ್ಪ ಹೊತ್ತಿಗೆ, "ಈಗಿಲ್ಲ. ಹೋಗು, ನನ್ನ ಮೊಮ್ಮಗಳ್ನ ಕರಕೊಂಡು ಬಾ."

ಅಂಬ್ರಪ್ಪ ಟಯರು ಏರಿಸಿ ಗಾಳಿ ಹೊಡೆದು, ಗೆಜ್ಜೆ ಬಿಚ್ಚಿ ಜೇಬಿಗೆ ಹಾಕಿಕೊಂಡು ಓಡಿಸಿದ.

ಸಂಜೆ ಮುದುಕಿ ಊರ ಅಗಸಿಬಾಗಿಲಲ್ಲಿ ನಿಂತಿದ್ದಳು. ಸೊಸೆ ಹೊಳ್ಳಿ ಹೋಗಿದ್ದರೆ ಅದು ತನ್ನಿಂದಲೇ ಎಂಬ ಹೆದರಿಕೆ ಅವಳನ್ನು ಮನೆಯಲ್ಲಿ ಕೂರಗೊಟ್ಟಿರಲಿಲ್ಲ. ಅಷ್ಟರಲ್ಲಿ ದೂರದಿಂದ ಗೆಜ್ಜೆಯ ಸದ್ದು ಬಂತು.

"ಅಯ್ಯೋ, ಗಾಲಿ ಮತ್ತ ಸೊಟ್ಟಾತೇನೋ! ದೇವಕಿ ಬಂದಾಳೋ ಇಲ್ಲೋ?" ಎಂದು ಕೂಗಿದಳು.

ದೇವಕಮ್ಮ ಸೈಕಲ್ಲಿನಿಂದ ಇಳಿದು ಬಂದು ಕೂಸನ್ನು ಅತ್ತೆಯ ಕೈಗಿಟ್ಟಳು. ಹಣಮಂತಮ್ಮ ಕೂಸಿನ ಮೈ ತಡವಿ ನೋಡಿದಳು. ಗೆಜ್ಜೆ ಮೊಮ್ಮಗಳ ಕಾಲಲ್ಲಿತ್ತು.